ಅಕ್ಕನ ಇಲಿಗಳು

ಬೀದಿಯವರು ನಮ್ಮಕ್ಕನಿಗೆ ಇಟ್ಟ ಹೆಸರು ಇಲಿ ಡಾಕ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಡಾಕ್ಟರೇಟಿಗಿಂತ ಮೊದಲೇ ಬಂದ ಹೆಸರು ಅದು. ನರವಿಜ್ಞಾನದ ಸಂಶೋಧನೆ ನಮ್ಮ ಮನೆಯಲ್ಲಿ ಯಾರ ತಲೆಗೂ ಹತ್ತುವಂಥದ್ದಲ್ಲ. ನನಗೆ ತಿಳಿದಿದ್ದಿಷ್ಟು: ಮರೆವು ಹಿಡಿದ ಇಲಿಗಳಲ್ಲಿ ಅರ್ಧಕ್ಕೆ ಮದ್ದು ಕೊಟ್ಟು, ಎಲ್ಲವನ್ನೂ ಕವಲುದಾರಿಯ ಪೆಟ್ಟಿಗೆಯಲ್ಲಿ ಬಿಟ್ಟು, ತಿನಿಸಿನ ದಾರಿ ನೆನಪಿದೆಯೇ ಎಂದು ನೋಡಬೇಕು. ವಾಸನೆಗೆ ಇಲಿಗಳು ಬೆದರಬಾರದೆಂದು ಅಕ್ಕ ವರ್ಷಗಟ್ಟಲೆ ಪೌಡರ್ ಮುಟ್ಟಲಿಲ್ಲ. ನನ್ನ ಮದುವೆಗೂ ಹಾಗೇ ಬಂದು ನಿಂತಳು.

ಮದ್ದು ಕುಡಿದ ಇಲಿಗಳು ತಿನಿಸಿನತ್ತ ನೇರವಾಗಿ ಓಡಿದವು. ಅಕ್ಕನ ಸಂಶೋಧನೆಗೆ ಗೈಡ್ ಆಗಿದ್ದ ಪ್ರೊಫೆಸರು ಹಿಗ್ಗಿ ಹೀರೇಕಾಯಿಯಾದರು.

ಒಂದು ದಿನ ಬೆನ್ನು ಹಿಡಿದುಕೊಂಡು ಎಂದಿನಂತೆ ಪೆಟ್ಟಿಗೆಯ ಪಕ್ಕ ನಿಲ್ಲಲಾಗದೆ, ಅಕ್ಕ ಬೀರುವಿನ ಹಿಂದೆ ಕುಳಿತು ಕ್ಯಾಮರಾದಲ್ಲಿ ನೋಡಿದಳು. ಮದ್ದಿನ ಇಲಿಗಳೂ ಉಳಿದವುಗಳಂತೆ ದಿಕ್ಕು ತಪ್ಪಿ ಅಲೆದವು. ಅನುಮಾನ ಬಂದು ಪೆಟ್ಟಿಗೆಯ ಸುತ್ತ ಪರದೆ ಕಟ್ಟಿ ಮತ್ತೆ ಮತ್ತೆ ಬಿಟ್ಟಳು. ಅದೇ ಕಥೆ.

"ಯಾವುದಕ್ಕೆ ಮದ್ದು ಹಾಕಿದ್ದೀನಿ ಅಂತ ನಂಗೆ ಗೊತ್ತಿರ್ತಿತ್ತಲ್ಲ ಕಣೇ. ಆ ಇಲಿ ಕವಲಿಗೆ ಬಂದಾಗ ನಂಗೇ ಗೊತ್ತಿಲ್ದೆ ತಿನಿಸಿನ ಕಡೆ ವಾಲ್ತಿದ್ದೆ. ಅವು ನನ್ನ ನೋಡ್ಕೊಂಡು ಹೋಗ್ತಿದ್ವು," ಎಂದಳು.

ಗೈಡಿಗೆ ಹೇಳಿದರೆ ಅವರು ಕನ್ನಡಕ ಕೂಡ ತೆಗೆಯಲಿಲ್ಲ. "ಪರದೆ ಬಿಚ್ಚಮ್ಮ. ಪ್ರಬಂಧ ಬರಿ."

"ಸುಳ್ಳಾಗುತ್ತಲ್ಲ ಸರ್?"

"ಡಿಗ್ರಿ ಬೇಕೋ ಬೇಡ್ವೋ?"

ಬೇಕಿತ್ತು. ಅದಕ್ಕಾಗಿಯೇ ಪ್ರಾಯವನ್ನೆಲ್ಲ ಇಲಿ ವಾಸನೆಯ ಕೋಣೆಯಲ್ಲಿ ಕಳೆದಿದ್ದಳು. ಆದರೂ ಬರೆಯಲಿಲ್ಲ. ಇಲಿ ಪಳಗಿಸುವ ಕೈಗುಣ ಈಕೆಗಿಲ್ಲ ಎಂದು ಸಮಿತಿಗೆ ವರದಿ ಹೋಯಿತು. ಅಕ್ಕನ ನೋಂದಣಿ ರದ್ದಾಯಿತು. ಇಂಥವರಿಗೆ ಗುರು ಅನ್ನುವ ಹೆಸರು ಬೇರೆ ಕೇಡು!

ಅವಳ ಇಲಿಕೋಣೆಯನ್ನು ಪಕ್ಕದ ಮೇಜಿನ ಹುಡುಗನಿಗೆ ಕೊಟ್ಟರು. ಅವನು ಪರದೆ ಬಿಚ್ಚಿ, ಅಕ್ಕ ನಿಲ್ಲುತ್ತಿದ್ದಲ್ಲೇ ನಿಂತ. ಡಾಕ್ಟರೇಟ್ ಬಂತು. ಮರೆವಿಗೆ ಮದ್ದು ಸಿಕ್ಕಿತೆಂದು ಪತ್ರಿಕೆಯಲ್ಲಿ ಫೋಟೋ ಕೂಡ ಬಂತು.

ಅಕ್ಕ ಈಗ ಮನೆಪಾಠ ಹೇಳುತ್ತಾಳೆ. ಮಕ್ಕಳು ಹೋದ ಮೇಲೆ ಅಮ್ಮ ಪತ್ರಿಕೆಯನ್ನು ಅವಳ ಮುಂದಿಟ್ಟಳು.

"ಅದೇ ಇಲಿ, ಅದೇ ಮದ್ದು. ಅವನಿಗೆ ಬಂದಿದ್ದು ನಿನಗ್ಯಾಕೆ ಬರ್ಲಿಲ್ಲ?"

ಅಕ್ಕ ಪತ್ರಿಕೆಯನ್ನು ಮಡಚಿಟ್ಟಳು. "ಅವನು ಪರದೆ ಕಟ್ಲಿಲ್ಲಮ್ಮ."

ಅಮ್ಮ ನಿಟ್ಟುಸಿರಿಟ್ಟಳು. "ನಿನಗೆ ಕಟ್ಟು ಅಂತ ಯಾರು ಹೇಳಿದ್ರೇ?"