ನೆಲಮಾಳಿಗೆಯಿಂದ ದಿನಕ್ಕೊಂದು ಹಾಡು

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮೂರು ಒಗೆಯುವ ಯಂತ್ರಗಳು ಆಗಲೇ ತಿರುಗುತ್ತಿವೆ. ಗೋಡೆಗಳಿಗೆ ಕಿಟಕಿಯಿಲ್ಲ, ಛಾವಣಿಯ ಅಂಚಿನಲ್ಲಿ ಒಂದು ಮೊಳ ಅಗಲದ ಗಾಜು ಮಾತ್ರ ಇದೆ. ಅದರಾಚೆ ಕತ್ತಲು ಕರಗಿ ಬೂದಿಯ ಬಣ್ಣ ಬರುತ್ತಿದೆ. ಬಿಸಿ ಆವಿಯ ನಡುವೆ ಐವತ್ತಾರರ ಹೆಂಗಸೊಬ್ಬರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಂಗೈಯಗಲದ ನಾಲ್ಕು ಚೀಟಿಗಳ ಮೇಲೆ ಒಂದೇ ವಿಷಯವನ್ನು ನಾಲ್ಕು ಸಲ ಬರೆಯುತ್ತಿದ್ದಾರೆ. ಅಕ್ಷರ ದುಂಡಗಿದೆ, ಅವಸರವಿಲ್ಲ. ಬರೆದು ಮುಗಿದ ಮೇಲೆ ನಾಲ್ಕು ಮಹಡಿಗಳಿಗೆ ಹೋಗುವ ನಾಲ್ಕು ಟ್ರಾಲಿಗಳ ಹಿಡಿಗೆ ಒಂದೊಂದನ್ನು ಕ್ಲಿಪ್ಪಿನಿಂದ ಸಿಕ್ಕಿಸುತ್ತಾರೆ. ಮಡಿಸಿಟ್ಟ ಬೆಡ್‌ಶೀಟುಗಳೊಂದಿಗೆ ಅಂದಿನ ಹಾಡೂ ಲಿಫ್ಟ್ ಹತ್ತುತ್ತದೆ.

ಆಸ್ಪತ್ರೆಯಲ್ಲಿ ಇವರನ್ನು ಎಲ್ಲರೂ ಚೀಟಿ ಅಕ್ಕ ಎನ್ನುತ್ತಾರೆ. ಹಾಜರಿ ಪುಸ್ತಕದಲ್ಲಿರುವ ಹೆಸರು ಅಲ್ಲಿ ಸಹಿಗೆ ಮಾತ್ರ ಬಳಕೆಯಾಗುತ್ತದೆ. ದಿನಕ್ಕೆ ನಾನೂರ ಇಪ್ಪತ್ತು ಬೆಡ್‌ಶೀಟು, ಮುನ್ನೂರು ದಿಂಬಿನ ಹೊದಿಕೆ, ಲೆಕ್ಕಕ್ಕೆ ಸಿಗದಷ್ಟು ಟವೆಲು ಇವರ ಕೈ ದಾಟುತ್ತವೆ. ವಾರಕ್ಕೆ ಆರು ದಿನ, ಹನ್ನೊಂದು ವರ್ಷದಿಂದ ದಿನಕ್ಕೊಂದು ಹಾಡಿನ ಚೀಟಿ. ಪ್ರತಿಯೊಂದರ ನಕಲೂ ಅವರ ಬಳಿ ಇದೆ, ರಟ್ಟಿನ ಹೊದಿಕೆಯ ಒಂಬತ್ತು ನೋಟ್ ಪುಸ್ತಕಗಳಲ್ಲಿ.

ಅವರು ಬರೆಯುವುದು ಎಲ್ಲರ ಬಾಯಲ್ಲಿರುವ ಹಾಡುಗಳ ಬಗ್ಗೆ ಅಲ್ಲ. ದೊಡ್ಡ ಕಂಪನಿಗಳ ಹಂಗಿಲ್ಲದೆ, ತಮ್ಮ ಕೋಣೆಯಲ್ಲೋ ಅಡುಗೆಮನೆಯಲ್ಲೋ ಕೂತು ಹಾಡು ಕಟ್ಟಿ ತಾವೇ ಹೊರಬಿಡುವ ಇಂಡಿ ಗುಂಪುಗಳು, ಕಂಪ್ಯೂಟರಿನಲ್ಲೇ ನಾದ ಹುಟ್ಟಿಸುವ ಎಲೆಕ್ಟ್ರಾನಿಕ್ ಸಂಗೀತಗಾರರು, ಒಬ್ಬರ ಹಾಡನ್ನು ಮತ್ತೊಬ್ಬರು ಬಿಚ್ಚಿ ಹೊಸದಾಗಿ ಹೊಲಿಯುವ ರೀಮಿಕ್ಸುಗಳು: ಇವೇ ಅವರ ಲೋಕ. ಜನಪದ ಕಥೆಗಳನ್ನು ಸಂಗ್ರಹಿಸುವವರಿಗೆ ಪಾಠಾಂತರದ ಬೆರಗು ಗೊತ್ತು. ಕಥೆ ಒಂದೇ, ಬಾಯಿ ಬದಲಾದಂತೆ ಸಾವಿನ ಜಾಗದಲ್ಲಿ ಮದುವೆ ಬಂದಿರುತ್ತದೆ. ರೀಮಿಕ್ಸಿನ ಬಗ್ಗೆ ಅಕ್ಕ ಹೇಳುವುದೂ ಅದನ್ನೇ, ತಮ್ಮ ಕಸುಬಿನ ಮಾತಿನಲ್ಲಿ. "ಬಟ್ಟೆ ಅದೇ, ಬಿಸಿಲು ಬೇರೆ. ಒಬ್ರು ನಡುಮಧ್ಯಾಹ್ನ ಒಣಗಿಸ್ತಾರೆ, ಇನ್ನೊಬ್ರು ಮೋಡದಲ್ಲಿ. ಮುಟ್ಟಿ ನೋಡಿದ್ರೆ ಗೊತ್ತಾಗುತ್ತೆ."

ಈ ಲೋಕದ ಬಾಗಿಲು ತೆರೆದದ್ದು ಒಂದು ಬೆಡ್‌ಶೀಟಿನ ಮಡಿಕೆಯಲ್ಲಿ. ವಾರ್ಡಿನಿಂದ ಬಂದ ಮೈಲಿಗೆ ಬಟ್ಟೆಯಲ್ಲಿ ಕನ್ನಡಕ, ಹಲ್ಲಿನ ಸೆಟ್ಟು, ಉಂಗುರ, ಹೀಗೆ ಏನಾದರೂ ಸಿಗುವುದುಂಟು. ಅಂದು ಸಿಕ್ಕಿದ್ದು ಬೆಂಕಿಪೊಟ್ಟಣದಷ್ಟು ಚಿಕ್ಕ ಮ್ಯೂಸಿಕ್ ಪ್ಲೇಯರ್. ನಿಯಮದಂತೆ ಕಚೇರಿಗೆ ಕೊಟ್ಟರು. ಆರು ತಿಂಗಳಾದರೂ ಕೇಳಿಕೊಂಡು ಯಾರೂ ಬರಲಿಲ್ಲ. ಆ ಮಂಚದಲ್ಲಿದ್ದವರು ಮನೆಗೆ ಹೋಗಿರಲಿಲ್ಲ ಎಂಬುದು ಗುಮಾಸ್ತರಿಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. "ನೀವೇ ಇಟ್ಕೊಳ್ಳಿ ಅಂದ್ರು. ಗಂಡ ತೀರಿಕೊಂಡು ಆಗ ಒಂದು ವರ್ಷ. ಮನೇಲಿ ಯಾವ ಸದ್ದೂ ಇರ್ಲಿಲ್ಲ. ಹಾಕ್ಕೊಂಡೆ. ನಲವತ್ತು ಹಾಡು, ಒಂದಕ್ಕೂ ಹೆಸರಿಲ್ಲ. ಯಾರಪ್ಪ ಇವ್ರು, ಯಾರ ಮಕ್ಕಳು ಅಂತ ಹುಡುಕೋದಕ್ಕೇ ಎರಡು ವರ್ಷ ಹಿಡೀತು." ನಲವತ್ತರಲ್ಲಿ ಮೂವತ್ತೇಳು ಸಿಕ್ಕವು. ಸಿಕ್ಕ ಖುಷಿಯನ್ನು ಯಾರಿಗಾದರೂ ಹೇಳಬೇಕಿತ್ತು. ಕೆಳಗೆ ಯಂತ್ರದ ಸದ್ದಿನಲ್ಲಿ ಹೇಳಿದರೆ ಯಾರಿಗೂ ಕೇಳಿಸುವುದಿಲ್ಲ. ಆದ್ದರಿಂದ ಬರೆದರು.

ಚೀಟಿಗೊಂದು ಕಟ್ಟುನಿಟ್ಟಾದ ಕ್ರಮವಿದೆ: ಹಾಡಿನ ಹೆಸರು, ಕಟ್ಟಿದವರು, ರೀಮಿಕ್ಸಾದರೆ ಬಿಚ್ಚಿ ಹೊಲಿದವರು, ಕಿವಿಗೊಟ್ಟು ಕೇಳಬೇಕಾದ ನಿಮಿಷ ಮತ್ತು ಸೆಕೆಂಡು, ಆ ಜಾಗದಲ್ಲಿ ಏನಾಗುತ್ತದೆ ಎಂಬುದಕ್ಕೆ ಎರಡು ವಾಕ್ಯ. "ಚೆನ್ನಾಗಿದೆ" ಎಂಬ ಪದವನ್ನು ಅವರು ಬರೆಯುವುದಿಲ್ಲ. "ಚೆನ್ನಾಗಿದೆ ಅಂದ್ರೆ ಯಾರು ಕೇಳ್ತಾರೆ? ಇಂಥ ಕಡೆ ಉಸಿರು ಎಳ್ಕೊಳ್ತಾಳೆ ನೋಡಿ ಅಂದ್ರೆ ಕೇಳ್ತಾರೆ." ಓದಿದವರಲ್ಲಿ ಕೆಲವರು ಚೀಟಿಯ ಬೆನ್ನಿಗೆ ಉತ್ತರ ಬರೆದು ಖಾಲಿ ಟ್ರಾಲಿಯಲ್ಲಿ ಕೆಳಗೆ ಕಳಿಸುತ್ತಾರೆ. ಅವುಗಳನ್ನೂ ನೋಟ್ ಪುಸ್ತಕಕ್ಕೆ ಅಂಟಿಸಲಾಗಿದೆ.

ಪಕ್ಕದ ರೋಲರಿನಲ್ಲಿ ಇಸ್ತ್ರಿ ಮಾಡುವ ಹಿರಿಯರಿಗೆ ಈ ಹಾಡುಗಳೆಂದರೆ ಅಷ್ಟಕ್ಕಷ್ಟೆ. "ಏನಮ್ಮಾ, ಇವತ್ತು ಯಾವ ಫ್ರಿಡ್ಜ್ ಕೆಟ್ಟಿರೋ ಸದ್ದು?" ಎಂದು ದಿನವೂ ಕೆಣಕುತ್ತಾರೆ. "ನಿಮ್ಮ ಗೊರಕೆನ ಯಾರೋ ರೀಮಿಕ್ಸ್ ಮಾಡಿದಾರೆ ಅಣ್ಣಾ, ಕೇಳಿ" ಎಂದು ಅಕ್ಕ ತಿರುಗಿ ಕೊಡುತ್ತಾರೆ. ಆದರೆ ಚೀಟಿಯನ್ನು ಎಲ್ಲರಿಗಿಂತ ಮೊದಲು ಓದುವವರು ಅವರೇ.

ಎಂಟು ತಿಂಗಳ ಹಿಂದಿನ ಒಂದು ಚೀಟಿ 'ಖಾಲಿ ಲಿಫ್ಟು' ಎಂಬ ಹಾಡಿನ ರೀಮಿಕ್ಸಿನದು. ನಕಲಿನಲ್ಲಿರುವಂತೆಯೇ ಅದು ಹೀಗಿದೆ: "ಮೂಲ ಹಾಡಿನಲ್ಲಿ ಸಣ್ಣ ಗಂಟೆ ಕೊನೆಯವರೆಗೂ ಇದೆ. ಇದರಲ್ಲಿ ಎರಡು ನಿಮಿಷ ಹತ್ತು ಸೆಕೆಂಡಿಗೆ ಗಂಟೆಯನ್ನು ತೆಗೆದುಬಿಟ್ಟಿದ್ದಾರೆ. ಆಮೇಲಿನ ಜಾಗ, ಮನೆಯವರೆಲ್ಲ ಹೊರಟು ಹೋದ ಕೋಣೆಯ ಹಾಗಿದೆ." ಅಂದೇ ಮಧ್ಯಾಹ್ನ ಎರಡನೇ ಮಹಡಿಯಿಂದ ಚೀಟಿ ಮರಳಿತು. ಬೆನ್ನಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: "ಅಪ್ಪನ ಮಂಚದ ಪಕ್ಕ ಕೂತು ಆ ಖಾಲಿ ಜಾಗವನ್ನೇ ಕೇಳುತ್ತಾ ಇದ್ದೇನೆ."

ಮರುದಿನ ಮೂರನೇ ಮಹಡಿಯ ಸಿಸ್ಟರ್ ನೆಲಮಾಳಿಗೆಗೆ ಇಳಿದು ಬಂದರು. ಈ ಭೇಟಿಯನ್ನು ಇಬ್ಬರೂ ಹೇಳುತ್ತಾರೆ, ಒಂದು ವ್ಯತ್ಯಾಸದೊಂದಿಗೆ. ಸಿಸ್ಟರ್ ಪ್ರಕಾರ ತಾವು ತಮಾಷೆಗೆಂದೇ ಬಂದದ್ದು. ಅಕ್ಕನ ನೆನಪಿನಲ್ಲಿ ಅವರ ಮುಖದಲ್ಲಿ ನಗುವಿರಲಿಲ್ಲ. ಮಾತು ಮಾತ್ರ ಎರಡೂ ಹೇಳಿಕೆಗಳಲ್ಲಿ ಒಂದೇ.

"ಅಕ್ಕಾ, ಗಂಟೆ ಎಲ್ಲಿ ಹೋಗಿದೆ? ಇದೆಯಲ್ಲ."

"ಇಲ್ಲ ಸಿಸ್ಟರ್, ಎರಡು ಹತ್ತಕ್ಕೆ ನಿಲ್ಲುತ್ತೆ."

"ನಿಲ್ಲಲ್ಲ ಅಕ್ಕಾ. ಅಲ್ಲಿಂದ ಇನ್ನೂ ಮೇಲಕ್ಕೆ ಹೋಗುತ್ತೆ, ಸಣ್ಣಗೆ. ಈಗ್ಲೂ ಬಾರಿಸ್ತಾ ಇದೆ ನೋಡಿ."

ಸಿಸ್ಟರ್ ಫೋನನ್ನು ಅಕ್ಕನ ಕಿವಿಗೆ ಹಿಡಿದರು. ಯಂತ್ರಗಳ ಸದ್ದಿಗೆ ಕೇಳಿಸುತ್ತಿಲ್ಲವೇನೋ ಎಂದು ಇಬ್ಬರೂ ಮೆಟ್ಟಿಲ ಬಳಿಗೆ ಹೋದರು, ಅಲ್ಲಿಂದ ಅಂಗಳಕ್ಕೆ. ಅಂಗಳದಲ್ಲೂ ಎರಡು ಹತ್ತರ ಆಚೆ ಅಕ್ಕನಿಗೆ ಕೋಣೆ ಖಾಲಿಯಾಗಿಯೇ ಇತ್ತು.

ಕಿವಿಯ ಪರೀಕ್ಷೆ ಅದೇ ಆಸ್ಪತ್ರೆಯ ಮೊದಲ ಮಹಡಿಯಲ್ಲಿ ನಡೆಯಿತು. ಅಲ್ಲಿನ ಡಾಕ್ಟರು ಗೆರೆಗಳ ಹಾಳೆಯೊಂದನ್ನು ತೋರಿಸಿದರು. ಎಡಗಡೆ ಸಮನಾಗಿ ಸಾಗುವ ಗೆರೆ ಬಲಗಡೆ ಕಡಿದಾಗಿ ಕೆಳಗಿಳಿದಿತ್ತು. ಯಂತ್ರಗಳ ಸದ್ದಿಗೆ ಎತ್ತರದ ಸ್ವರಗಳು ಮೊದಲು ಹೋಗುತ್ತವೆ. ಹೋದದ್ದು ತಿರುಗಿ ಬರುವುದಿಲ್ಲ. ಮಾತು ಕೇಳುತ್ತದೆ, ಫೋನು ಕೇಳುತ್ತದೆ, ಆದ್ದರಿಂದ ಹೋದದ್ದು ತಿಳಿಯುವುದೂ ಇಲ್ಲ. "ಯಾವಾಗಿಂದ ಅಂತ ಕೇಳಿದೆ. ಐದು ವರ್ಷ ಇರ್ಬಹುದು, ಎಂಟೂ ಇರ್ಬಹುದು ಅಂದ್ರು. ಅಷ್ಟು ಸಲೀಸಾಗಿ ಹೇಳ್ಬಿಟ್ರು." ಕಿವಿಗೆ ಹಾಕುವ ಯಂತ್ರ ಮಾತಿಗೆ ನೆರವಾಯಿತು. ಹಾಡಿನಲ್ಲಿ ಅದು ತಗಡು ಬಡಿದಂತೆ ಕೇಳಿಸುತ್ತದೆ. ಹಾಡು ಕೇಳುವಾಗ ಅವರು ಅದನ್ನು ಬಿಚ್ಚಿಡುತ್ತಾರೆ.

ಎರಡು ತಿಂಗಳು ಟ್ರಾಲಿಗಳು ಚೀಟಿಯಿಲ್ಲದೆ ಮೇಲೆ ಹೋದವು. ಇಸ್ತ್ರಿಯ ಹಿರಿಯರು ಕೆಣಕುವುದನ್ನು ಬಿಟ್ಟರು. ಆ ಮೌನವೇ ತಮಗೆ ಹೆಚ್ಚು ಹಿಂಸೆಯಾಯಿತೆಂದು ಅಕ್ಕ ಹೇಳುತ್ತಾರೆ. ಈಗ ಚೀಟಿ ಮತ್ತೆ ಹೋಗುತ್ತಿದೆ, ಕೆಣಕುವುದೂ ಮರಳಿದೆ. ಅದರಲ್ಲಿ ಡ್ರಮ್ಮು, ತಗ್ಗಿನ ಸ್ವರ, ಗಂಡಸಿನ ದನಿ ಇಂಥವುಗಳ ಮಾತಷ್ಟೇ ಇರುತ್ತದೆ, ಕೊನೆಯಲ್ಲಿ ಒಂದು ಸಾಲು ಹೆಚ್ಚಾಗಿದೆ: "ನನಗೆ ಕೇಳಿಸಿದಷ್ಟು."

ಅವರ ಸಂಕಟ ಮುಂದಿನ ಚೀಟಿಗಳದ್ದಲ್ಲ, ಹಿಂದಿನವುಗಳದ್ದು. "ಆ ಅಪ್ಪನ ಪಕ್ಕ ಕೂತಿದ್ದವ್ರಿಗೆ ಇಲ್ಲದ್ದನ್ನ ಕೇಳಿಸ್ದೆ ನಾನು. ನಾನು ಹೇಳಿದೆ ಅಂತ ಅವ್ರಿಗೂ ಕೇಳಿಸ್ತು. ಇಂಥವು ಇನ್ನೆಷ್ಟಿವೆಯೋ!" ತೆಗೆದುಹಾಕಿದ್ದಾರೆಂದು ತಾವು ಹೊಗಳಿದ ಪಿಟೀಲು, ಇಲ್ಲವೆಂದು ಬರೆದ ಉಸಿರು, ಮೌನವೆಂದು ಮೆಚ್ಚಿದ ಜಾಗಗಳು: ಇವುಗಳಲ್ಲಿ ಯಾವುದು ಹಾಡು ಕಟ್ಟಿದವರದು, ಯಾವುದು ತಮ್ಮ ಕಿವಿಯದು? ಒಂಬತ್ತು ಪುಸ್ತಕಗಳಲ್ಲಿ ಎಲ್ಲಿಯವರೆಗೆ ಸತ್ಯ, ಎಲ್ಲಿಂದ ತಪ್ಪು?

ಅದನ್ನು ಕಂಡುಹಿಡಿಯುವ ಕೆಲಸ ಐದು ತಿಂಗಳಿಂದ ನಡೆಯುತ್ತಿದೆ. ಮಧ್ಯಾಹ್ನ ಮೂರಕ್ಕೆ ಪಾಳಿ ಮುಗಿಸಿ ಮನೆಗೆ ಬಂದರೆ, ಈಗ ಜೊತೆಯಲ್ಲಿರುವ ನಾದಿನಿ ಕಾದಿರುತ್ತಾರೆ. ಅವರು ಹೊಲಿಗೆಯವರು, ಮುಂದಿನ ಕೋಣೆಯಲ್ಲಿ ಮಿಷನ್ನು, ಗೋಡೆಗೆ ತೂಗಿದ ಅರೆಹೊಲಿದ ರವಿಕೆಗಳು. ಅಕ್ಕ ಒಂಬತ್ತನೇ ಪುಸ್ತಕದ ಕೊನೆಯ ಪುಟದಿಂದ ಹಿಮ್ಮುಖವಾಗಿ ಚೀಟಿ ಓದುತ್ತಾರೆ, ಹಾಡು ಹಚ್ಚುತ್ತಾರೆ. ನಾದಿನಿ ಕೇಳಿ ತೀರ್ಪು ಕೊಡಬೇಕು. ತಪ್ಪಾದ ಚೀಟಿಯ ಅಂಚಿಗೆ ನೀಲಿ ಪೆನ್ಸಿಲಿನ ಗೀಟು ಬೀಳುತ್ತದೆ.

"ಮಿಕ್ಸಿಗೆ ಚಮಚ ಬಿದ್ದ ಹಾಗಿದೆ ಅತ್ತಿಗೆ, ಇದರಲ್ಲಿ ಪಿಟೀಲು ಎಲ್ಲಿ ಹುಡುಕ್ಲಿ?"

"ಬಾಯಿ ಮುಚ್ಕೊಂಡು ಕಿವಿ ತೆರೀ ಕಣೇ."

ನಾದಿನಿ ಒಮ್ಮೆ ಸುಳ್ಳು ಹೇಳಿದ್ದೂ ಉಂಟು. ಆ ತಿಂಗಳ ಪುಟಗಳಲ್ಲಿ ಗೀಟುಗಳು ಹೆಚ್ಚಾಗಿ, ಅತ್ತಿಗೆ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಮರುಕದಿಂದ "ಸರಿ ಇದೆ, ನೀವು ಬರ್ದ ಹಾಗೇ ಇದೆ" ಎಂದುಬಿಟ್ಟರು. ಅಕ್ಕ ಹಾಡು ನಿಲ್ಲಿಸಿದರು. "ಒಂದು ನಿಮಿಷ ನಲವತ್ತಕ್ಕೆ ಬರೋದನ್ನ, ಹಾಡು ಇನ್ನೂ ಒಂದು ನಿಮಿಷದಲ್ಲಿರುವಾಗ್ಲೇ ಇದೆ ಅಂದ್ಯಲ್ಲೇ! ನೀನೂ ನನ್ನ ಹಾಗೇ ಮಾಡ್ತೀಯಾ?" ಆ ಸಂಜೆ ಇಬ್ಬರೂ ಅತ್ತದ್ದನ್ನು ನಾದಿನಿ ಹೇಳಿದರು, ಅಕ್ಕ ಹೇಳಲಿಲ್ಲ. ಅಂದಿನಿಂದ ತೀರ್ಪಿನಲ್ಲಿ ದಯೆ ಇಲ್ಲ.

ಈಗ ಆರನೇ ಪುಸ್ತಕದ ನಡುವಿನಲ್ಲಿದ್ದಾರೆ. ಒಂಬತ್ತನೆಯದರಲ್ಲಿ ತಿಂಗಳಿಗೆ ಏಳೆಂಟು ಗೀಟುಗಳಿದ್ದವು. ಎಂಟನೆಯದರಲ್ಲಿ ಐದು, ಏಳನೆಯದರಲ್ಲಿ ಮೂರು. ಕಳೆದ ವಾರ ನೋಡಿ ಮುಗಿಸಿದ ತಿಂಗಳಲ್ಲಿ ಎರಡು. ಹಿಂದಕ್ಕೆ ಹೋದಷ್ಟೂ ಕಿವಿ ತೆರೆದುಕೊಳ್ಳುತ್ತಿದೆ, ಆದರೆ ಪುಟಗಳಲ್ಲಿ ಮಾತ್ರ. ಮುಂದಿನ ತಿಂಗಳು ಮತ್ತೊಂದು ಪರೀಕ್ಷೆ ಇದೆ. ಗೆರೆ ಇನ್ನಷ್ಟು ಇಳಿದಿದ್ದರೆ ತಗ್ಗಿನ ಸ್ವರಗಳಿಗೂ ಭರವಸೆಯಿಲ್ಲ ಎಂದು ಡಾಕ್ಟರು ಮೊದಲೇ ತಿಳಿಸಿದ್ದಾರೆ. ಬಟ್ಟೆ ಮಡಿಸುವ ಸದ್ದಿಲ್ಲದ ಕೋಣೆಗೆ ಅವರನ್ನು ವರ್ಗಾಯಿಸಿದ್ದಾರೆ. ಚೀಟಿ ಬರೆಯುವುದಕ್ಕೆ ಮಾತ್ರ ಬೆಳಿಗ್ಗೆ ಹತ್ತು ನಿಮಿಷ ಯಂತ್ರಗಳ ಬಳಿ ಬರುತ್ತಾರೆ.

ಏನು ಆಸೆ ಎಂದು ಕೇಳಿದರೆ ಅವರು ಕಿವಿಯನ್ನು ಬೇಡುವುದಿಲ್ಲ. ಮಡಿಲಲ್ಲಿ ತೆರೆದಿಟ್ಟ ಪುಸ್ತಕದ ಹಾಳೆಯನ್ನು ಅಂಗೈಯಿಂದ ನೇವರಿಸುತ್ತಾ, ತಮ್ಮ ದನಿ ತಮಗೇ ಎಷ್ಟು ಕೇಳುತ್ತಿದೆಯೆಂದು ಅಳೆಯುವವರಂತೆ ನಿಧಾನವಾಗಿ ಹೇಳುತ್ತಾರೆ:

"ಗೀಟಿಲ್ಲದ ಒಂದು ತಿಂಗಳು ಸಿಕ್ಕಿದ್ರೆ ಸಾಕು. ಅಲ್ಲಿಗೆ ನಿಲ್ಲಿಸ್ತೀನಿ. ಅಲ್ಲಿಂದ ಹಿಂದಕ್ಕೆ ಬರೆದಿದ್ದೆಲ್ಲ ನಾನು ಕೇಳಿದ್ದೇ."