ಮುಟ್ಟದೆ ಇರುವ ಔಷಧ

ಮನೆಯಲ್ಲೊಬ್ಬ ಪದವೀಧರನಾದರೆ ಆಗುವ ಕಷ್ಟ ಆ ಮನೆಯ ಮೊದಲ ಪದವೀಧರನಿಗೇ ಗೊತ್ತು. ನಾನು ಓದಿದ್ದು ಕೆಮಿಸ್ಟ್ರಿ. ಆದರೆ ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ರೇಡಿಯೋ ಕೆಟ್ಟರೂ, ಕೋರ್ಟಿನ ಕಾಗದ ಬಂದರೂ, ಯಾರಿಗಾದರೂ ತಲೆ ಸುತ್ತಿದರೂ ನನಗೇ ಕರೆ. ಗೊತ್ತಿಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಇಡೀ ವಂಶ ಹೆಬ್ಬೆಟ್ಟೊತ್ತಿದ ಮೇಲೆ ಸಹಿ ಹಾಕಿದವನು ನಾನೊಬ್ಬ. ಅಷ್ಟು ಬೇಗ ಸೋಲೊಪ್ಪುವುದು ಹೇಗೆ?

ಎಪ್ಪತ್ತರ ದಶಕದ ಕೊನೆಯಲ್ಲಿ ಮಗ ಹುಟ್ಟಿದ. ಹೆಂಡತಿಗೆ ತಾಯಿ ಇರಲಿಲ್ಲ, ಬಾಣಂತನವೆಲ್ಲ ನಮ್ಮ ಅವ್ವನದೇ. ಒಂದು ಬೆಳಿಗ್ಗೆ ಅವ್ವ ಬಚ್ಚಲಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿ ಎಣ್ಣೆ ಹಚ್ಚುತ್ತಿದ್ದವಳು ನನ್ನನ್ನು ಕೂಗಿದಳು. ಇನ್ನೂ ಹೆಸರಿಡದ ಗಂಡುಕೂಸು. ಅದರ ಎದೆ ಎರಡೂ ಕಡೆ ನೆಲ್ಲಿಕಾಯಿ ಗಾತ್ರ ಊದಿತ್ತು. ಒಂದು ತೊಟ್ಟಿನ ತುದಿಯಲ್ಲಿ ಹಾಲಿನ ಹನಿ!

ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ಪರೀಕ್ಷಿಸುವುದನ್ನು ಕಾಲೇಜಿನಲ್ಲಿ ಕಲಿತಿದ್ದೆ. ಗಂಡುಕೂಸಿನ ಎದೆಯಲ್ಲೇ ಹಾಲು ಬಂದರೆ ಏನು ಮಾಡಬೇಕೆಂದು ಯಾವ ಮೇಷ್ಟ್ರೂ ಹೇಳಿರಲಿಲ್ಲ. ಗಡ್ಡೆಯೋ ಏನೋ? ಹುಡುಗ ಮುಂದೆ ಹೇಗಾಗುತ್ತಾನೋ?

"ಹಿಂಡಿ ತೆಗೀಬೇಕು ಕಣೋ, ಇಲ್ದಿದ್ರೆ ಗಂಟು ಕಟ್ಕೊಳ್ತದೆ," ಎಂದಳು ಅವ್ವ.

"ಬೇಡವ್ವ."

"ಯಾಕೆ ಬೇಡ?"

ಯಾಕೆಂದು ನನಗೆ ಗೊತ್ತಿದ್ದರೆ ತಾನೆ!

"ನಿಂಗೂ ಹಿಂಡಿದ್ದೆ. ಬಿ.ಎಸ್ಸಿ. ಪಾಸಾಗ್ಲಿಲ್ವಾ?"

ಒಳಗಿನಿಂದ ಹೆಂಡತಿ ಅಳುದನಿಯಲ್ಲಿ, "ಅತ್ತೆ, ಡಾಕ್ಟ್ರಿಗೆ ತೋರ್ಸೋವರ್ಗೂ ಮುಟ್ಬೇಡಿ," ಎಂದಳು.

ಅವ್ವ ಮಗುವನ್ನು ಎತ್ತಿಕೊಂಡಳು. ಆಟೋದಲ್ಲಿ ಬಸವನಗುಡಿಗೆ ಹೋದೆವು. ರಸ್ತೆಯಲ್ಲಿ ಹಳ್ಳ ಕಂಡಲ್ಲೆಲ್ಲ "ಮೆಲ್ಲಗೆ, ಮೆಲ್ಲಗೆ" ಎಂದು ಆಟೋದವನ ತಲೆ ತಿಂದೆ. ಮಕ್ಕಳ ಡಾಕ್ಟರಮ್ಮ ನೋಡಿ ನಕ್ಕರು.

"ತಾಯಿ ಹೊಟ್ಟೇಲಿದ್ದಾಗ ಅವಳಿಂದ ಬಂದ ಹಾರ್ಮೋನಿನ ಗುಣ ಇದು. ಗಂಡಿಗೂ ಬರತ್ತೆ, ಹೆಣ್ಣಿಗೂ ಬರತ್ತೆ. ಕೆಲವು ವಾರದಲ್ಲಿ ತಾನಾಗೇ ಇಳಿಯತ್ತೆ. ಹಿಂಡಿದ್ರೇನೇ ಕಷ್ಟ, ಕೀವು ತುಂಬ್ಕೋಬಹುದು. ಕೆಂಪಗಾದ್ರೆ, ಜ್ವರ ಬಂದ್ರೆ ತಕ್ಷಣ ಕರ್ಕೊಂಡ್ಬನ್ನಿ."

"ಔಷಧ, ಮೇಡಂ?"

"ಮುಟ್ಟದೇ ಇರೋದು."

ಇದಕ್ಕಿಂತ ಕಹಿಯಾದ ಔಷಧವನ್ನು ನಾನು ಕಂಡಿಲ್ಲ. ನಮ್ಮಂಥವರಿಗೆ ಸಿಕ್ಕಿದ್ದೆಲ್ಲ ಮೈ ಬಗ್ಗಿಸಿದ್ದಕ್ಕೆ ಸಿಕ್ಕಿದ್ದು. ಕಾಲೇಜಿನ ಸೀಟು, ಕೆಲಸ, ಕೊನೆಗೆ ಬಾಡಿಗೆ ಮನೆ ಕೂಡ ತಾನಾಗಿ ಬಂದದ್ದಲ್ಲ. ಊತವೊಂದು ತಾನಾಗಿ ಇಳಿಯುತ್ತದೆ ಎಂದರೆ ನಂಬುವುದು ಹೇಗೆ? ಆಫೀಸಿನಲ್ಲಿ ಫೈಲು ಬಿಚ್ಚಿದರೆ ಮಗುವಿನ ಎದೆಯೇ ಕಾಣುತ್ತಿತ್ತು. ಸಂಜೆ ಚಪ್ಪಲಿ ಬಿಟ್ಟವನೇ ಕೈ ತೊಳೆದು ಹಣೆ ಮುಟ್ಟುವುದು, ಅಂಗಿ ಸರಿಸಿ ನೋಡುವುದು. ಬೆರಳು ಎದೆಯ ಹತ್ತಿರ ಹೋದರೆ ಹೆಂಡತಿ ಪಟ್ಟನೆ ಹೊಡೆಯುತ್ತಿದ್ದಳು. ಅವ್ವನೋ, ಗೊಣಗಿಕೊಂಡೇ, ಎಣ್ಣೆಯ ಕೈಯನ್ನು ಎದೆಯ ಹತ್ತಿರ ಬಂದಾಗ ಸುತ್ತಿಸಿ ಹೊಟ್ಟೆಗೆ ಇಳಿಸುತ್ತಿದ್ದಳು, ಹಸಿ ಸಿಮೆಂಟು ತುಳಿಯದೆ ದಾಟುವವಳ ಹಾಗೆ.

ಇಷ್ಟೊಂದು ಕಾವಲಿದ್ದರೂ ಊತ ಯಾವಾಗ ಇಳಿಯಿತೋ ಯಾರಿಗೂ ಗೊತ್ತಾಗಲಿಲ್ಲ. ಒಂದು ದಿನ ನೋಡಿದರೆ ಎದೆ ಮಟ್ಟಸ. ನಾನು ವಠಾರದವರೆದುರು ಡಾಕ್ಟರಮ್ಮನನ್ನೂ ವಿಜ್ಞಾನವನ್ನೂ, ಸ್ವಲ್ಪ ನನ್ನನ್ನೂ ಸೇರಿಸಿ ಹೊಗಳುತ್ತಿದ್ದೆ. ಅವ್ವ ಒಳಗಿನಿಂದಲೇ ಕೂಗಿದಳು:

"ಡಾಕ್ಟ್ರು ಏನ್ ಮಾಡಿದ್ರು, ಮಣ್ಣು! ನಾನು ಮುಟ್ಟಲಿಲ್ಲ, ಅದಕ್ಕೆ ವಾಸಿಯಾಯ್ತು."

ಎಷ್ಟು ಯೋಚಿಸಿದರೂ ಆ ಮಾತಿನಲ್ಲಿ ತಪ್ಪು ಹುಡುಕಲು ಬಿ.ಎಸ್ಸಿ. ಸಾಲಲಿಲ್ಲ.