ಬದುವಿಗೆ ನೆಟ್ಟ ಕಂಬಗಳು

ನಮ್ಮ ಕಿರಾಣಿ ಅಂಗಡಿಯ ಹಿಂಬಾಗಿಲು ತೆರೆದರೆ ಭತ್ತದ ಗದ್ದೆ. ಗದ್ದೆಯ ನಡುವಿನ ಬದುವಿನ ಮೇಲೆ ಒಂದು ಕಾಲುದಾರಿ ಆಚೆ ಕೇರಿಗೆ ಹೋಗುತ್ತದೆ. ನಡೆದರೆ ಹತ್ತು ನಿಮಿಷ. ಡಾಂಬರು ರಸ್ತೆ ಹಿಡಿದರೆ ಗುಡ್ಡ ಹತ್ತಿ ಇಳಿಯಬೇಕು, ಟ್ರಕ್ಕುಗಳ ಕಾಟ ಬೇರೆ. ಘಟ್ಟದ ಕೆಳಗೆ, ಮ್ಹಾಪಸಾದ ಹತ್ತಿರದ ಈ ಕೊಂಕಣಿ ಊರಿಗೆ ನಾನು ಧಾರವಾಡದಿಂದ ಸೊಸೆಯಾಗಿ ಬಂದು ಇಪ್ಪತ್ತು ವರ್ಷ ಕಳೆದಿದ್ದವು. ಈ ದಾರಿಯಲ್ಲಿ ಸೈಕಲ್ ಓಡಿಸಬಹುದೋ ಬಾರದೋ ಎಂದು ಅಷ್ಟು ವರ್ಷ ಯಾರೂ ಕೇಳಿರಲಿಲ್ಲ. ಕೇಳಿದವಳು ನಾನು.

ನಾನು ಜಗಳಗಂಟಿ. ಆಗ ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ.

ಭಾನುವಾರಗಳಂದು ಪಟ್ಟಣದ ಕಡೆಯಿಂದ ಸೈಕಲ್ ಸವಾರರ ಗುಂಪು ಬರತೊಡಗಿತ್ತು. ತಲೆಗೆ ಹೆಲ್ಮೆಟ್ಟು, ಮೈಗಂಟಿದ ಬಣ್ಣದ ಬಟ್ಟೆ. ಒಂದು ಬೆಳಿಗ್ಗೆ ನಮ್ಮ ಅತ್ತೆ ಆಚೆ ಕೇರಿಯ ದೇವಸ್ಥಾನದಿಂದ ಬರುವಾಗ ಹಿಂದಿನಿಂದ ಗಂಟೆ ಬಾರಿಸಿದರಂತೆ. ಮುದುಕಿ ಗಾಬರಿಯಾಗಿ ಸರಿದು, ಜಾರಿ, ಕೆಸರಿಗೆ ಬಿದ್ದರು. ಮಣಿಕಟ್ಟು ಮುರಿಯಿತು. ಒಬ್ಬ ನಿಂತು, "ಆಂಟಿ, ಇದು ಪಬ್ಲಿಕ್ ದಾರಿ" ಎಂದು ಹಿಂದಿಯಲ್ಲಿ ಹೇಳಿ ಹೊರಟೇಹೋದ.

ಅತ್ತೆಯನ್ನು ಎತ್ತಿದವನು ನಮ್ಮ ಪೋದೇರ. ಬೆಳಗಿನ ಪಾವ್ ಮಾರುವವರಿಗೆ ಇಲ್ಲಿ ಹಾಗೆನ್ನುತ್ತಾರೆ. ಅವನು ಬಾಗಲಕೋಟೆ ಕಡೆಯವನು. ದಾಬೋಲಿಮ್‌ನಲ್ಲಿ ಕಟ್ಟಡದ ಕೆಲಸಕ್ಕಿದ್ದಾಗ ಸಾರುವೆಯಿಂದ ಬಿದ್ದು ಬಲಗಾಲು ಮೊಣಕಾಲಿನಲ್ಲಿ ಸೆಟೆದುಕೊಂಡಿತ್ತು. ನಡೆಯಲು ಬಾರದು, ಸೈಕಲ್ ಮಾತ್ರ ಹೊಡೆಯುತ್ತಿದ್ದ. ಎಡಗಾಲನ್ನು ಪೆಡಲಿಗೆ ಟ್ಯೂಬಿನ ರಬ್ಬರಿನಿಂದ ಸಿಕ್ಕಿಸಿಕೊಂಡು ಅದೊಂದೇ ಕಾಲಲ್ಲಿ ತುಳಿಯುವುದು, ಎಳೆಯುವುದು. ಹತ್ತಲು ಒಂದು ಕಲ್ಲು ಬೇಕು, ಇಳಿಯಲು ಒಂದು ಗೋಡೆ ಬೇಕು. ಅಂಥವನು ಅವತ್ತು ಕೆಸರಿಗಿಳಿದು, ಅತ್ತೆಯನ್ನು ಬದುವಿನ ಮೇಲೆ ಕೂರಿಸಿ, ನಾವು ಓಡಿಬರುವವರೆಗೂ ತನ್ನ ಹಾರ್ನು ಒತ್ತುತ್ತಲೇ ಇದ್ದ.

ದಿನಾ ಬೆಳಿಗ್ಗೆ ಅವನು ನಮ್ಮ ಹಿಂಬಾಗಿಲಿಗೆ ಬರುತ್ತಿದ್ದ. ನಾನು ರೊಟ್ಟಿ ಪಲ್ಯ ಕೊಟ್ಟರೆ ಕಟ್ಟೆಗೆ ಒರಗಿ ತಿನ್ನುತ್ತ ಕನ್ನಡದಲ್ಲಿ ಹರಟುತ್ತಿದ್ದ. ಹಿಂಬಾಗಿಲಲ್ಲಿ ಮಾತ್ರ. ಅಂಗಡಿಯ ಮುಂದೆ ನಾನು ಕೊಂಕಣಿಯವಳು. ಘಟ್ಟದ ಮೇಲಿನಿಂದ ಬಂದವರನ್ನು ಇಲ್ಲಿ 'ಘಾಂಟಿ' ಎಂದು ಹೀಯಾಳಿಸುತ್ತಾರೆ. ಆ ಮಾತು ನನ್ನ ಮೇಲೆ ಬೀಳದಿರಲೆಂದು ನಾನು ಇಪ್ಪತ್ತು ವರ್ಷ ನಾಲಿಗೆ ತಿದ್ದಿಕೊಂಡಿದ್ದೆ.

ಮುಂದಿನ ಭಾನುವಾರ ಗ್ರಾಮಸಭೆ. ನಾನು ಎದ್ದುನಿಂತು ಕಿರುಚಾಡಿದೆ. ಕಾಲುದಾರಿಯಲ್ಲಿ ಸೈಕಲ್ ಓಡಿಸಲು ಕಾನೂನಿದೆಯೇ, ತೋರಿಸಿ! ಕಾರ್ಯದರ್ಶಿ ಸರ್ವೆ ನಕ್ಷೆ ಬಿಚ್ಚಿದರು. ಗದ್ದೆಯ ಮೇಲೊಂದು ಚುಕ್ಕಿ ಗೆರೆ. ಅದು ಕಾಲುದಾರಿ, ನಡೆಯುವ ಹಕ್ಕು ಹಳೆಯದು, ಸೈಕಲ್ಲಿನ ಬಗ್ಗೆ ಏನೂ ಬರೆದಿಲ್ಲ ಎಂದರು. ಬರೆಯದಿದ್ದರೆ ಓಡಿಸಬಹುದು ಎಂದ ಒಬ್ಬ. ಬರೆಯದಿದ್ದರೆ ಓಡಿಸಬಾರದು ಎಂದ ಇನ್ನೊಬ್ಬ. ಗಾಲಿಗೆ ಬದು ಕುಸಿಯುತ್ತದೆ ಎಂದು ಗದ್ದೆಯವರು ಗೊಣಗಿದರು. ನಿವೃತ್ತ ಮಾಸ್ತರರೊಬ್ಬರು, ಸೈಕಲ್ ವಾಹನ, ಹತ್ತಿ ಓಡಿಸುವಂತಿಲ್ಲ, ತಳ್ಳಿಕೊಂಡು ಹೋಗಬಹುದು ಎಂದರು. ಕಾನೂನು ಖರೇ ಗೊತ್ತಿದ್ದವರು ಅಲ್ಲಿ ಒಬ್ಬರೂ ಇರಲಿಲ್ಲ. ಮಾಸ್ತರರ ದನಿ ದೊಡ್ಡದಿತ್ತು, ಅದೇ ತೀರ್ಮಾನವಾಯಿತು. ಎರಡೂ ತುದಿಗೆ ಕಬ್ಬಿಣದ ಕಂಬ ನೆಡುವುದು.

ಆಗ ಹಿಂದಿನ ಗೋಡೆಗೆ ಒರಗಿದ್ದ ಪೋದೇರ ಬಾಯಿ ಬಿಟ್ಟ. ಅವನ ಕೊಂಕಣಿ ಪಾವ್ ಮಾರುವಷ್ಟು ಮಾತ್ರ. ಹಾಗಾಗಿ ನನ್ನ ಕಡೆಗೇ ನೋಡಿ ಕನ್ನಡದಲ್ಲಿ ಕೇಳಿದ.

"ಅಕ್ಕಾರ, ನನ್ನ ಕಾಲು ನಿಮಗ ಗೊತ್ತೈತಲ್ರಿ. ಹತ್ತಿ ಹೋಗಾಕ ಬರ್ತೈತಿ, ತಳ್ಳಿಕೊಂಡ ನಡಿಯಾಕ ಬರಂಗಿಲ್ರಿ. ಗುಡ್ಡದ ದಾರಿ ಒಂದ ಕಾಲಿಗೆ ಆಗೂದಿಲ್ಲ. ನಂದೊಂದು ಸೈಕಲ್ ಬಿಡ್ಲಿ ಅಂತ ಒಂದ ಮಾತ ಹೇಳ್ರಿ. ಆಚಿ ಕೇರಿ ಹ್ವಾದ್ರ ನನ್ನ ಧಂದೆನ ಹೋತ್ರಿ."

ಸರಪಂಚರು ಒಳ್ಳೆಯ ಮನುಷ್ಯ. ನನ್ನತ್ತ ತಿರುಗಿ ನಗುತ್ತ, "ಬಾಯ್, ಇವನು ನಿಮ್ಮವನೇ ಅಲ್ಲವೇ? ಏನಂತಾನೆ? ನೀವು ಹೂಂ ಅಂದರೆ ಇವನಿಗೆ ಬಿಟ್ಟುಬಿಡೋಣ" ಎಂದರು.

ನಿಮ್ಮವನು! ಇಡೀ ಸಭೆ ನನ್ನ ಮುಖ ನೋಡುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನನ್ನ ಮೈ ಉರಿದುಹೋಯಿತು. ಅವನ ಮಾತು ಅರ್ಥವೇ ಆಗದವಳಂತೆ ನಾನು ಅಪ್ಪಟ ಕೊಂಕಣಿಯಲ್ಲಿ, "ಕಾಯದೋ ಸಗಳ್ಯಾಂಕ್ ಏಕೂಚ್" ಎಂದೆ. ಕಾನೂನು ಎಲ್ಲರಿಗೂ ಒಂದೇ. ಅಷ್ಟಕ್ಕೇ ಬಿಡಲಿಲ್ಲ. "ತೋ ಆಮಚೊ ನ್ಹಂಯ್" ಎಂದೆ. ಅವನು ನಮ್ಮವನಲ್ಲ.

ಅಷ್ಟು ಕೊಂಕಣಿ ಅವನಿಗೂ ಬರುತ್ತಿತ್ತು.

ಮನೆಗೆ ಬಂದು ಹೇಳಿದಾಗ, ನನ್ನ ಹಾಗೆಯೇ ಘಟ್ಟದ ಮೇಲಿನಿಂದ ಸೊಸೆಯಾಗಿ ಬಂದಿದ್ದ ಅತ್ತೆ, ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಿ ನೋಡವಾ" ಎಂದರು. ನಿಮ್ಮ ಕೈಗಾಗಿಯೇ ಹೋದೆನಲ್ಲ ಎಂದು ನಾನು ಅವರ ಮೇಲೆಯೇ ಹರಿಹಾಯ್ದೆ.

ಕಂಬ ಬಂದವು, ಜೊತೆಗೆ 'ಸೈಕಲ್ ಓಡಿಸಬಾರದು' ಎಂಬ ಬೋರ್ಡೂ ಬಂತು. ಅದರ ಮುಂದಿನ ಭಾನುವಾರ ಹೆಲ್ಮೆಟ್ಟಿನವರೂ ಬಂದರು. ಬೋರ್ಡು ಓದಿದರು, ನಕ್ಕರು, ಹಗುರವಾದ ಸೈಕಲ್ಲುಗಳನ್ನು ಒಂದೇ ಕೈಯಲ್ಲಿ ಎತ್ತಿ ಕಂಬ ದಾಟಿಸಿ, ಹತ್ತಿ ಹೋದರು. ನಾನು ಹಿಂಬಾಗಿಲಲ್ಲಿ ನಿಂತು ನೋಡಿದೆ. ಅಷ್ಟೇ.

ಪೋದೇರ ಒಂದೇ ದಿನ ಪ್ರಯತ್ನಪಟ್ಟ. ಅವನ ಬುಟ್ಟಿ ಅಗಲ, ಕಂಬಗಳ ನಡುವೆ ಹಿಡಿಸಲಿಲ್ಲ. ಬುಟ್ಟಿ ಬಿಚ್ಚಿ ಆಚೆ ಇಟ್ಟ, ಸೈಕಲ್ ನುಸುಳಿಸಿದ, ಮತ್ತೆ ಬುಟ್ಟಿ ಕಟ್ಟಿದ. ಹತ್ತಲು ಅಲ್ಲಿ ಕಲ್ಲಿರಲಿಲ್ಲ. ಹ್ಯಾಂಡಲ್ಲಿಗೆ ಜೋತುಬಿದ್ದು, ಸೆಟೆದ ಕಾಲು ಎಳೆಯುತ್ತ ಬದುವಿನ ಮೇಲೆ ಹೊರಟ. ನಡುವಿಗೆ ಹೋಗುವಷ್ಟರಲ್ಲಿ ಸೈಕಲ್ ವಾಲಿತು. ಬುಟ್ಟಿ, ಪಾವ್, ಅವನು, ಎಲ್ಲ ಗದ್ದೆಯ ನೀರಿಗೆ. ಅಂಗಡಿಗೆ ಬಂದಿದ್ದ ಇಬ್ಬರು ಹೆಂಗಸರು ನನ್ನ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. "ಘಾಂಟಿ ಬಿದ್ದ" ಎಂದು ನಕ್ಕರು.

ನಾನೂ ನಕ್ಕೆ. ಅಯ್ಯೋ ದೇವರೇ, ನಾನೂ ನಕ್ಕೆ. ಅವನು ತೇಲುವ ಪಾವ್‌ಗಳನ್ನು ಒಂದೊಂದಾಗಿ ಹೆಕ್ಕಿ ಬುಟ್ಟಿಗೆ ಹಾಕಿಕೊಂಡು, ತಲೆ ಎತ್ತಿ ನಮ್ಮನ್ನು ನೋಡಿದ. ಹಾರ್ನು ಒತ್ತಲಿಲ್ಲ. ನಾನು ಒಳಗೆ ಹೋಗಿ ಸಕ್ಕರೆ ತೂಗಿದೆ.

ಆಚೆ ಕೇರಿಗೆ ಈಗ ಬೇರೆಯವನು ಸ್ಕೂಟರಿನಲ್ಲಿ ರಸ್ತೆಯಿಂದ ಪಾವ್ ತರುತ್ತಾನೆ.

ಕಳೆದ ವರ್ಷ ಮ್ಹಾಪಸಾದ ಶುಕ್ರವಾರದ ಸಂತೆಯಲ್ಲಿ ಪೋದೇರನನ್ನು ಕಂಡೆ. ತಾಡಪತ್ರಿಯ ಕೆಳಗೆ, ಯಾರದೋ ತೆಂಗಿನಕಾಯಿ ರಾಶಿಯ ಹಿಂದೆ, ಕಾಲು ಚಾಚಿ ಕುಳಿತಿದ್ದ. ಗಲ್ಲ ಒಳಗೆ ಹೋಗಿದ್ದವು. ಸುತ್ತಲೂ ನಮ್ಮೂರಿನವರು ಎಷ್ಟೋ ಮಂದಿ. ಇರಲಿ ಬಿಡು ಎಂದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲಿಯೇ ಕರೆದೆ.

"ತಮ್ಮಾ, ಆರಾಮ ಅದಿಯೇನು?"

ಅವನು ನನ್ನ ಮುಖವನ್ನೇ ನೋಡಿದ. ಗುರುತು ಸಿಕ್ಕಿತ್ತು, ಅದರಲ್ಲಿ ಅನುಮಾನವಿಲ್ಲ.

"ಕಿತೆಂ ಜಾಯ್, ಬಾಯ್?" ಎಂದ. ಏನು ಬೇಕಮ್ಮಾ? ಅವನ ಕೊಂಕಣಿ ಈಗ ಚೆನ್ನಾಗಿತ್ತು.

ಎರಡು ಕಾಯಿ ಎಂದೆ, ನಾನೂ ಕೊಂಕಣಿಯಲ್ಲಿಯೇ. ಅವನು ಬಡಿದು ನೋಡಿ ಎರಡು ಒಳ್ಳೆಯ ಕಾಯಿ ಆರಿಸಿ ಚೀಲಕ್ಕೆ ಹಾಕಿದ. ನನ್ನ ಬೆನ್ನ ಹಿಂದೆ ಇಳಕಲ್ ಸೀರೆಯ ಹೆಂಗಸೊಬ್ಬಳು ಬಂದು ನಿಂತಳು. ಅವನ ಮುಖ ಅರಳಿತು.

"ಬರ್ರಿ ಅಕ್ಕಾರ, ಬರ್ರಿ" ಎಂದ. "ಚಲೋ ಕಾಯಿ ಅದಾವ."